ಅತ್ತೆಯ ಮುಖಕ್ಕೆ ಲೇಸರ್

ತಾವರೆಕೆರೆ ಕಡೆ ಸೂರ್ಯನ ಜೊತೆ ನೇರ ಜಗಳಕ್ಕಿಳಿದ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ. ಜಗಳ ಶುರುವಾಗಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೂ ಇಬ್ಬರೂ ಅನ್ಯೋನ್ಯವಾಗಿಯೇ ಇದ್ದರು. ಅವನು ಹುಟ್ಟುವ ಹೊತ್ತಿಗೆ ಇವಳು ಕಡಲೆಕಾಯಿ ಹೊಲದಲ್ಲಿ. ಅವನು ಮುಳುಗಿದ ಮೇಲೆ ಇವಳು ಮನೆಗೆ. ಮುಖಕ್ಕೆ ಅರಿಶಿನ ಬಿಟ್ಟು ಬೇರೇನೂ ಸೋಕಿಸಿದವಳಲ್ಲ. ಅಂಥವಳು ಒಂದು ಬೆಳಿಗ್ಗೆ ಶಿರಾದ ನಮ್ಮ ಮನೆಗೆ ಬಂದು, ಕಾಫಿ ಕುಡಿಯುತ್ತ, "ಲೇ, ಮುಖಕ್ಕೆ ಲೇಸರ್ ಹೊಡೀತಾರಂತಲ್ಲ, ಅದು ತುಮಕೂರಲ್ಲೈತಾ, ಬೆಂಗ್ಳೂರಿಗೇ ಹೋಗ್ಬೇಕಾ?" ಎಂದು ಕೇಳಿದರೆ ಯಾರು ತಾನೇ ನೆಟ್ಟಗೆ ಕೂತಿರಲು ಸಾಧ್ಯ? ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಆಚೆ ಬಂದಳು.

"ಯಾಕತ್ತೆ, ಮದುವೆ ಗಿದುವೆ ಯೋಚನೆನಾ?" ಎಂದೆ.

"ಹೂಂ ಕಣ್ಲಾ. ನಿಮ್ಮ ಮಾವನ್ನೇ ಇನ್ನೊಂದ್ಸಲ ಆಗಾನ ಅಂತ."

ನಾವು ನಕ್ಕೆವು. ಅತ್ತೆ ನಗಲಿಲ್ಲ.

ತುಮಕೂರಿನ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆ ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ತನ್ನ ಮದುವೆ ಫೋಟೋ ತೆಗೆದು ಮೇಜಿನ ಮೇಲಿಟ್ಟು, ಬ್ಲೌಸಿಗೆ ಅಳತೆ ಕೊಡುವವಳ ಹಾಗೆ, "ಇಂಗೆ ಮಾಡ್ಕೊಡಿ ಡಾಕ್ಟ್ರಮ್ಮ" ಎಂದಳು.

ಡಾಕ್ಟರು ಒಮ್ಮೆ ಫೋಟೋ, ಒಮ್ಮೆ ಮುಖ ನೋಡಿದರು. "ಅಮ್ಮಾ, ವಯಸ್ಸು ವಾಪಸ್ ತರೋಕೆ ನನ್ ಕೈಲಾಗಲ್ಲ. ಬಿಸಿಲಿಂದ ಆಗಿರೋ ಕಲೆ, ಸುಕ್ಕು ಒಂದಷ್ಟು ಕಮ್ಮಿ ಮಾಡ್ಬಹುದು. ಲೇಸರ್ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡುತ್ತೆ. ಆಮೇಲೆ ಹಚ್ಚೋ ಔಷಧಿ ಚೆನ್ನಾಗಿ ಒಳಗಿಳಿಯುತ್ತೆ. ಎರಡೂ ಸೇರಿದ್ರೇನೇ ಗುಣ. ಮುಖ್ಯವಾಗಿ ಬಿಸಿಲಿಗೆ ಹೋಗ್ಬಾರ್ದು."

"ಉತ್ತು ಗೊಬ್ರ ಹಾಕ್ದಂಗೆ ಅನ್ನಿ."

"ಹಾಗೇ ಅನ್ಕೊಳ್ಳಿ."

"ಮಳೆ ಬರ್ದೆ ಹೋದ್ರೆ?"

ಡಾಕ್ಟರು ನಕ್ಕು, ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಕ್ರೀಮನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮೊದಲ ಸಲ ಲೇಸರ್ ಮಾಡಿಸಿಕೊಂಡು ಊರಿಗೆ ಬಂದಾಗ ಅತ್ತೆಯ ಮುಖ ಹಣ್ಣುಮೆಣಸಿನಕಾಯಿಯಂತೆ ಕೆಂಪಗಿತ್ತು. ಅಕ್ಕಪಕ್ಕದವರು ಮೈಮೇಲೆ ಅಮ್ಮ ಎದ್ದಿದ್ದಾಳೆಂದೇ ನಂಬಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮೊಸರನ್ನ ತಂದಿಟ್ಟು ಕೈಮುಗಿದು ಹೋದರು. ಅತ್ತೆ ಬೇವನ್ನು ಮೇಕೆಗೆ ಹಾಕಿದಳು. ಮೊಸರನ್ನವನ್ನು ದೇವಿಯ ಪರವಾಗಿ ತಾನೇ ಉಂಡಳು.

ಇನ್ನು ಬಿಸಿಲಿಗೆ ಹೋಗದಿರುವುದು. ಕಡಲೆಕಾಯಿ ನೆರಳಲ್ಲಿ ಬೆಳೆಯುತ್ತದೆಯೇ? ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಸನ್‌ಸ್ಕ್ರೀನ್ ಬಳಿದು, ಅದರ ಮೇಲೆ ಮಗನ ಹೆಲ್ಮೆಟ್ ಹಾಕಿಕೊಂಡು ಕಳೆ ಕೀಳಲು ಕೂತಳು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಬೇಲಿಯ ಹತ್ತಿರ ನಿಂತು, "ಅಕ್ಕೋ, ಗಾಡಿ ಎಲ್ಲಿ ನಿಲ್ಸಿದ್ದೀಯ?" ಎಂದನಂತೆ. "ಪೆಟ್ರೋಲ್ ತರಕ್ಕೆ ಹೋಗೈತೆ, ನೀನು ನಡಿ" ಎಂದು ಹೆಲ್ಮೆಟ್ಟಿನೊಳಗಿಂದಲೇ ಉತ್ತರ ಬಂತು.

ಇದೆಲ್ಲ ಯಾತಕ್ಕೆ ಎಂದು ನನಗೆ ತಿಳಿದದ್ದು ಒಂದು ಭಾನುವಾರ, ಕ್ರೀಮ್ ಕೊಡಲು ಊರಿಗೆ ಹೋದಾಗ. ಮಾವ ಜಗಲಿಯಲ್ಲಿ ಕೂತಿದ್ದರು. ಶಿರಾ ಪೇಟೆಯಲ್ಲಿ ಟೈಲರ್ ಆಗಿದ್ದವರು. ಈಚೆಗೆ ಮರೆವು ಬಂದು, ನನ್ನನ್ನು ನೋಡಿದರೆ ನಮ್ಮಪ್ಪನ ಹೆಸರು ಹಿಡಿದು ಕರೆಯುತ್ತಿದ್ದರು. ಅತ್ತೆ ಮುದ್ದೆ ಮುರಿದು ಬಾಯಿಗಿಡಲು ಹೋದರೆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ನೋಡಮ್ಮ, ಯಾರೋ ಏನೋ, ದಿನಾ ಬಂದು ಉಣ್ಣಾಕಿಕ್ತೀಯ. ನನ್ ಹೆಂಡ್ತಿ ನೋಡಿದ್ರೆ ತಪ್ಪು ತಿಳ್ಕೊಂತಾಳೆ. ಹೋಗು ನೀನು."

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಬಂದಳು. ನಾನೂ ಹಿಂದೆಯೇ ಹೋದೆ.

"ಅವ್ರ ತಲೇಲಿ ಇರೋದು ಮದ್ವೆ ದಿನದ ಮುಖ ಕಣ್ಲಾ" ಎಂದಳು. "ಈ ಮುಖಾನ ಅವ್ರು ಯಾವತ್ತು ಸರಿಯಾಗಿ ನೋಡವ್ರೆ ಹೇಳು. ನಾನು ಹೊಲಕ್ಕೆ ಹೊರಡೋವಾಗ ಅವ್ರು ಮಲಗಿರೋರು, ಬರೋ ಹೊತ್ಗೆ ಕತ್ಲು. ಒಂದ್ಸಲ ಹೊಲ ಹಾಳಾಗೋಗ್ಲಿ ಅಂತ ಅವ್ರ ಎದುರ್ಗೆ ಕೂತ್ಕೋಬೇಕಿತ್ತು. ಕೂರ್ಲಿಲ್ಲ."

ಅವತ್ತಿನಿಂದ ತುಮಕೂರಿಗೆ ಕರೆದುಕೊಂಡು ಹೋಗುವಾಗ ನಾನು ತಮಾಷೆ ಮಾಡಲಿಲ್ಲ.

ಕಡಲೆಕಾಯಿ ಕಿತ್ತು ಮುಗಿಯುವ ಹೊತ್ತಿಗೆ ಅವಳ ಮುಖ ನಿಜವಾಗಿಯೂ ತಿಳಿಯಾಯಿತು. ಕೆನ್ನೆಯ ಕಲೆಗಳು ಮಾಸಿದವು. ಸುಕ್ಕುಗಳು ಪೂರ್ತಿ ಹೋಗದಿದ್ದರೂ ಸ್ವಲ್ಪ ತಗ್ಗಿದವು. ಕೊನೆಯ ಸಲ ಡಾಕ್ಟರ ಹತ್ತಿರ ಹೋಗಿ ಬಂದ ಮಾರನೆಯ ದಿನ ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ತಟ್ಟೆ ಹಿಡಿದುಕೊಂಡು ಮಾವನ ಎದುರು ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇವ್ರು ಯಾರ್ ಮನೆಯೋರು?" ಎಂದರು. "ಆ ಕಪ್ಪನೆಯಮ್ಮ ಎಲ್ಲೋದ್ಲು? ದಿನಾ ಉಣ್ಣಾಕಿಕ್ಕೋಳು, ಒಳ್ಳೇವ್ಳು. ನಾನೇನೋ ಅಂದ್ಬುಟ್ಟೆ, ಬೇಜಾರಾಗಿ ಹೊಂಟೋದ್ಲೇನೋ."

ಅತ್ತೆ ತಲೆ ತಗ್ಗಿಸಿದಳು. ಕಣ್ಣೊರೆಸಿಕೊಂಡ ಸೆರಗಿಗೆ ಕ್ರೀಮ್ ಹತ್ತಿತು. ನಂತರ, "ಹೊಲಕ್ಕೋಗವ್ಳೆ, ಬತ್ತಾಳೆ. ಅಲ್ಲೀಗಂಟ ನಾನು ಇಕ್ಕಲಾ?" ಎಂದಳು.

ಮಾವ ಯೋಚಿಸಿದರು. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟರು.

"ಇಕ್ಕು. ಅವ್ಳಿಗೂ ಒಂದಿಷ್ಟು ಎತ್ತಿಡು. ಬಿಸ್ಲಲ್ಲಿ ದಣಿದು ಬತ್ತಾಳೆ."