ಬುಡು ಅಂದರೆ ಬಿಡದ ನಾಯಿ

ನಮ್ಮ ಮೈದುನನಿಗೆ ಹೆಣ್ಣು ಸಿಗಲಿಲ್ಲ ಅಂತ ಊರೆಲ್ಲ ಹೇಳುತ್ತದೆ. ಸುಳ್ಳು! ಬೇಕಾದಷ್ಟು ಹೆಣ್ಣುಗಳು ಸಿಕ್ಕಿದ್ದರು. ಎಲ್ಲರಿಗೂ ಕೊಕ್ಕಿತ್ತು, ರೆಕ್ಕೆಯಿತ್ತು, ವರ್ಷಕ್ಕೊಂದು ಸಲ ಹೊಳೆಯ ಮರಳಲ್ಲಿ ಮೊಟ್ಟೆ ಇಡುತ್ತಿದ್ದರು, ಅಷ್ಟೇ!

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಈಗ ನನಗೆ ಮೊಮ್ಮಗಳೇ ಹುಟ್ಟಿದ್ದಾಳೆ. ಅಯ್ಯೋ, ಏನು ಮಗು ಅಂತೀರಿ! ಆ ಕೆನ್ನೆ, ಆ ಹಲ್ಲಿಲ್ಲದ ನಗು! ಇರಲಿ, ಅವಳ ಮಾತು ಶುರು ಮಾಡಿದರೆ ಮೈದುನನ ಕತೆ ಅಲ್ಲೇ ನಿಂತುಹೋಗುತ್ತದೆ. ಇಷ್ಟು ವರ್ಷ ಅವನಿಗೆ ಮುದ್ದೆ ಇಕ್ಕಿ ಇಕ್ಕಿ ನನ್ನ ಕೈ ಸೋತಿದೆ, ಬುದ್ಧಿ ಹೇಳಿ ಹೇಳಿ ಬಾಯಿ ಸೋತಿದೆ. ಬದಲಾದದ್ದು ಚಡ್ಡಿ ಒಂದೇ. ಈಗ ಪಂಚೆ ಉಡುತ್ತಾನೆ.

ನಮ್ಮೂರು ಕೊಳ್ಳೇಗಾಲದ ಸೀಮೆಯಲ್ಲಿ, ಕಾವೇರಿ ದಂಡೆಯಲ್ಲಿದೆ. ಬೇಸಿಗೆಗೆ ನೀರು ಇಳಿದಾಗ ದಂಡೆಯುದ್ದಕ್ಕೂ ಮರಳು ದಿಣ್ಣೆ ಏಳುತ್ತದೆ. ಅಲ್ಲಿಗೆ ಹಕ್ಕಿಗಳು ಬರುತ್ತವೆ. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ಮರಳಲ್ಲಿ ಒಂದು ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಕಲ್ಲು ಯಾವುದು ಮೊಟ್ಟೆ ಯಾವುದು ಅಂತ ದೇವರಿಗೂ ತಿಳಿಯಲ್ಲ. ಮೈದುನನಿಗೆ ತಿಳಿಯುತ್ತದೆ!

ಒಂದು ಸಲ ಬಟ್ಟೆ ಗಂಟು ಹೊತ್ತು ಹೋಗುತ್ತಿದ್ದೆ. ದೂರದಿಂದ ಕೂಗಿಕೊಂಡ.

"ಅತ್ಗೇ! ಆ ಕಡೆಯಿಂದ ಸುತ್ಕಂಡು ಓಗಿ! ಇಲ್ಲಿ ಬಾಣಂತಿ ಕೂತವ್ಳೆ!"

ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಗಾಬರಿಯಾಗಿ, ಯಾರ ಮನೆ ಬಾಣಂತಿ ಬಿಸಿಲಲ್ಲಿ ಕೂತಿದ್ದಾಳೋ ಅಂತ ಓಡಿ ಬಂದರು. ನೋಡಿದರೆ ಒಂದು ಹಕ್ಕಿ! ಕೆಕರಿಸಿಕೊಂಡು ನಮ್ಮನ್ನೇ ನೋಡುತ್ತಿದೆ. ಅವತ್ತಿನಿಂದ ಊರವರು ನನ್ನನ್ನು ಕಂಡಾಗಲೆಲ್ಲ, "ಏನಕ್ಕಾ, ನಿಮ್ ವಾರಗಿತ್ತಿ ಎರಿಗೆ ಆಯ್ತಾ?" ಅಂತ ಕೇಳತೊಡಗಿದರು.

ಹೀಗಿರುವಾಗ ನನ್ನ ಮಗನ ಮದುವೆಯಾಯಿತು. ಸೊಸೆ ಪಾಲಾರ್ ಕಡೆಯವಳು. ಆ ಗಡಿಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ದಿಬ್ಬಣದ ಜೊತೆ ಹೋಗಿದ್ದ ಮೈದುನ ವಾಪಸು ಬಂದಾಗ ಗಾಡಿಯಿಂದ ಮೊದಲು ಮದುಮಗಳು ಇಳಿದಳು, ಹಿಂದೆಯೇ ಒಂದು ನಾಯಿ ಇಳಿಯಿತು. ನಾನು ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಯಾರಿಗೆ ಎತ್ತಲಿ?

"ಇದ್ಯಾಕ್ಲಾ ತಂದೆ?"

"ಬೀಗ್ರೂರಲ್ಲಿ ನರಿ ಓಡುಸ್ತಿತ್ತು ಅತ್ಗೆ. ಎಂಥಾ ನಾಯಿ ಅಂತೀರಿ! ನಮ್ ದಿಣ್ಣೇಲೂ ನರಿ ಕಾಟ. ಮೊಟ್ಟೆ ಕಾಯ್ಲಿ ಅಂತ."

ಮೊಟ್ಟೆ ಕಾಯೋದಕ್ಕೆ ನಾಯಿ! ಹಾಲು ಕಾಯೋದಕ್ಕೆ ಒಂದು ಬೆಕ್ಕನ್ನೂ ತರಬೇಕಿತ್ತು, ನನ್ನ ಕೆಲಸ ಹಗುರಾಗುತ್ತಿತ್ತು.

ನಾಯಿ ಬಾ ಅಂದರೆ ಬರುತ್ತಿತ್ತು. ಓಗು ಅಂದರೆ ಮಾತ್ರ ಮುಖ ನೋಡಿಕೊಂಡು ಅಲ್ಲೇ ನಿಲ್ಲುತ್ತಿತ್ತು, ಥೇಟ್ ನಮ್ಮ ಮೈದುನನ ಹಾಗೆ. ಸಾರಿಲ್ಲದೆ ಮುದ್ದೆ ಇಳಿಯುತ್ತಿರಲಿಲ್ಲ, ಅದೂ ಅವನ ಹಾಗೆಯೇ. ಇಬ್ಬರೂ ಒಂದೇ ಜಗಲಿಯಲ್ಲಿ ಮಲಗುತ್ತಿದ್ದರು. ಯಾರ ಗೊರಕೆ ಯಾವುದು ಅಂತ ಕಂಡುಹಿಡಿಯುವ ಗೋಜಿಗೆ ನಾನು ಹೋಗಲಿಲ್ಲ.

ದಿಣ್ಣೆಗೆ ಕರೆದುಕೊಂಡು ಹೋದ ಮೊದಲನೇ ದಿನವೇ ಅದು ಒಂದು ಹಕ್ಕಿ ಮರಿಯನ್ನು ಬಾಯಿಗೆ ಹಾಕಿಕೊಂಡಿತು.

"ಬುಡು! ಬುಡ್ಲಾ!" ಅಂತ ಮೈದುನ ಅರಚಿದ. ನಾಯಿ ಹಲ್ಲು ಬಿಗಿ ಮಾಡಿತು. "ಬುಡು ಬುಡು ಬುಡು!" ಅಂತ ಪಂಚೆ ಎತ್ತಿಕಟ್ಟಿ ಓಡಿದ. ನಾಯಿ ಅದನ್ನು ತಂದು ಅವನ ಕಾಲ ಬಳಿ ಇಟ್ಟು, ಇನ್ನೊಂದನ್ನು ಹಿಡಿಯಲು ಹಾರಿತು! ಬಾಲ ಬೇರೆ ಅಲ್ಲಾಡುತ್ತಿತ್ತು. ಮರುದಿನ ಒಂದು ಆಮೆಯ ಬೆನ್ನು ಕಚ್ಚಿ ಹಿಡಿಯಿತು. ಇವನು ಬುಡು ಅಂದಷ್ಟೂ ಅದು ಕಚ್ಚಿತು. ಕೊನೆಗೆ ಅದರ ಹಲ್ಲು ನೊಂದು ಬಿಟ್ಟಿತೇ ಹೊರತು ಇವನ ಮಾತಿಗಲ್ಲ. ಆಮೆ ಏನೂ ಆಗದವರ ಹಾಗೆ ನೀರಿಗೆ ನಡೆಯಿತು. ದಂಡೆಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೈದುನ ನಗಲಿಲ್ಲ. ಮನೆಗೆ ಬಂದವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ನಾನು ತಟ್ಟೆ ಇಟ್ಟೆ, ತೆಗೆದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಸಾಕಪ್ಪ ಸಾಕು! ಹಕ್ಕಿಗೆ ಹುಟ್ಟಿದ ಮರಿಗೆ ಮನುಷ್ಯ ಉಪವಾಸ ಕೂರುವುದೇ?

"ಈ ನಾಯಿ ಇದ್ರೆ ಹಕ್ಕಿ ಉಳ್ಯಲ್ಲ ಅತ್ಗೆ" ಅಂದ. "ನಾಯ್ನ ಬುಟ್ಟು ನಾನ್ ಉಳ್ಯಲ್ಲ."

ಇದೇ ಸಮಯಕ್ಕೆ ಹಿತ್ತಲಲ್ಲಿ ನನ್ನ ಕೋಳಿ ಕಿರುಚಿತು. ಎಲ್ಲರೂ ಓಡಿದೆವು. ನಾಯಿಯ ಬಾಯಲ್ಲಿ ನನ್ನ ಮೊಟ್ಟೆ ಕೋಳಿ! ಮೈದುನ ಬುಡು ಅಂದ, ನಾನು ಬುಡು ಅಂದೆ, ಬೇಲಿಯಾಚೆ ನೆರೆಯವರೂ ಬುಡು ಅಂದರು. ನಾಯಿ ಜನ ಹೆಚ್ಚಾದಷ್ಟೂ ಹುರುಪಾಗಿ ಹಿಡಿಯಿತು.

ಆಗ ಬಾಗಿಲ ಹಿಂದಿನಿಂದ ಒಂದು ದನಿ ಬಂತು. "ವುಡು!"

ನಾಯಿ ಕೋಳಿಯನ್ನು ನೆಲಕ್ಕೆ ಬಿಟ್ಟು ತೆಪ್ಪಗೆ ಕೂತಿತು.

ತಿರುಗಿ ನೋಡಿದರೆ ನನ್ನ ಸೊಸೆ! ಬಂದಾಗಿನಿಂದ ಹಿರಿಯರ ಮುಂದೆ ಬಾಯಿ ತೆರೆಯದಿದ್ದ ಹುಡುಗಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ.

"ಅತ್ತೆ, ಅದ್ಕೆ ಬರಾದು ತಮಿಳು. ಪುಡಿ ಅಂದ್ರೆ ಇಡ್ಕೋ ಅಂತ. ನೀವೆಲ್ಲಾ ಬುಡು ಬುಡು ಅಂದ್ರೆ ಅದ್ಕೆ ಪುಡಿ ಪುಡಿ ಅಂತ ಕೇಳ್ತದೆ. ಚಿಕ್ಮಾವ ಇಡ್ಕೋ ಇಡ್ಕೋ ಅಂತಾವ್ರೆ, ಪಾಪ ಇಡ್ಕತಾ ಅದೆ!"

ಮೈದುನ ನಾಯಿಯ ಮುಖ ನೋಡಿದ. ನಾಯಿ ಮೈದುನನ ಮುಖ ನೋಡಿತು. ಅಷ್ಟು ದಿನವೂ ಹೇಳಿದ ಕೆಲಸ ಅಷ್ಟು ಚೆನ್ನಾಗಿ ಮಾಡಿದ ಪ್ರಾಣಿ ಅದೊಂದೇ ಇರಬೇಕು ನಮ್ಮ ಮನೆಯಲ್ಲಿ!

ಅವನು ಸೊಸೆಯಿಂದ ತಮಿಳು ಕಲಿತ. ವುಡು ಅಂದರೆ ಬಿಡು, ವಾ ಅಂದರೆ ಬಾ, ಉಕ್ಕಾರು ಅಂದರೆ ಕೂತ್ಕೋ. ನನ್ನ ಕೈಯಲ್ಲಿ ಸೌಟಿದ್ದರೂ ವುಡು ಅನ್ನುತ್ತಿದ್ದ. ಈಚೆಗೆ ಮೊಮ್ಮಗಳು ಅವನ ಮೀಸೆ ಹಿಡಿದು ಜಗ್ಗುತ್ತಾಳೆ. ಬುಡವ್ವ ಅಂದರೂ ಬಿಡಲ್ಲ, ವುಡು ಅಂದರೂ ಬಿಡಲ್ಲ. ನನ್ನ ಬಂಗಾರ! ಅವಳಿಗೆ ಯಾವ ಭಾಷೆಯಲ್ಲೂ ಸೋಲುವುದಕ್ಕೆ ಬರುವುದಿಲ್ಲ.

ಅಂತೂ ಪೀಡೆ ಕಳೆಯಿತು ಅಂದುಕೊಂಡೆ. ಆದರೆ ಮಾತು ಕಲಿತ ಮೇಲೆ ಒಂದೇ ಬೆಳಗ್ಗೆ ನಾಯಿಯ ಜೊತೆ ದಿಣ್ಣೆಗೆ ಹೋಗಿ ಬಂದವನು ಸಪ್ಪಗೆ ಕೂತ.

"ಬಾಯಲ್ಲಿರೋದ್ನ ಬುಡುಸ್ಬೋದು ಅತ್ಗೆ. ಆದ್ರೆ ಇದು ಬರಾದ್ ಕಂಡ್ರೆ ಸಾಕು, ಹಕ್ಕಿ ಎಲ್ಲಾ ಎದ್ಬುಡ್ತವೆ. ಮರಳು ಕಾದ ಕಾವಲಿ ಆಗದೆ. ತಾಯಿ ನೀರಲ್ಲಿ ಒಟ್ಟೆ ನೆನಸ್ಕಂಡು ಬಂದು ಮೊಟ್ಟೆ ತಣ್ಣಗ್ ಮಾಡ್ಬೇಕು. ಅದು ಮೇಲೇ ಸುತ್ತತಾ ಇದ್ರೆ, ಕೆಳ್ಗೆ ಮೊಟ್ಟೆ ಬೆಂದೋಯ್ತವೆ."

"ಹಂಗಾರೆ ನಾಯ್ನ ಪಾಲಾರ್‌ಗೆ ಕಳ್ಸ್‌ಬುಡು."

"ಮಾತು ತಿಳೀದಿರೋ ಊರ್ಗೆ ನಾನೇ ಕರ್ಕಬಂದು, ಏಳಿದ್ ಕೆಲ್ಸ ಮಾಡ್ತು ಅಂತ ಓಡಿಸ್ಲಾ?"

ಕಟ್ಟಿಹಾಕಿದರೆ ಅದು ಹಗ್ಗ ಕಡಿದುಕೊಂಡು ಅವನ ಹಿಂದೆ ಓಡುತ್ತಿತ್ತು. ಆದ್ದರಿಂದ ಅವನು ಹೊಳೆಗೆ ಹೋಗುವುದನ್ನೇ ಬಿಟ್ಟ. ಹೋದ ಬೇಸಿಗೆಯಲ್ಲೂ ಈ ಬೇಸಿಗೆಯಲ್ಲೂ ಅವನು ಮರಳಿಗೆ ಕಾಲಿಟ್ಟಿಲ್ಲ. ಏರಿಯ ಮೇಲೆ ಹೊಂಗೆ ಮರದಡಿ, ನಾಯಿಯ ಕೊರಳಿಗೆ ಕೈ ಹಾಕಿಕೊಂಡು ಕೂತಿರುತ್ತಾನೆ. ಅಲ್ಲಿಂದ ಹಕ್ಕಿಗಳು ಬಿಳೀ ಚುಕ್ಕೆ, ಅಷ್ಟೇ.

ಮೊನ್ನೆ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಳೆಗೆ ಇಳಿದೆ. ನನಗೆ ಮನೆ ತುಂಬ ಕೆಲಸವಿತ್ತು. ಆದರೂ ಯಾಕೋ ದಿಣ್ಣೆಯ ಪಕ್ಕ ದೂರದಲ್ಲಿ ನಿಂತೆ. ನೀರಿನಿಂದ ಒಂದು ಹಕ್ಕಿ ಬಂದು, ಮೈ ಅರಳಿಸಿ, ಬರೀ ಮರಳ ಮೇಲೆ ಮೆಲ್ಲಗೆ ಕೂತಿತು. ಮಗು ಉಸಿರು ಹಿಡಿದು ನೋಡಿತು. ನಾನೂ ನೋಡಿದೆ.

ಏರಿ ಹತ್ತಿ ಬಂದಾಗ ಮೈದುನ ತಲೆ ಎತ್ತಿದ.

"ಬಂದ್ಲಾ?"

"ಬಂದ್ಲು ಕಣ್ಲಾ. ಕೂತ್ಕಂಡ್ಲು."

"ಮೊಟ್ಟೆ ಮೇಲೆ ನೀರ್ ಬಿತ್ತಾ?"

ಅಷ್ಟು ದೂರದಿಂದ ಹನಿ ಯಾರ ಕಣ್ಣಿಗೆ ಕಾಣುತ್ತದೆ?

"ಬಿತ್ತು" ಅಂದೆ.

ಅವನು ನಾಯಿಯನ್ನೂ ಎಳೆದುಕೊಂಡು ಬಿಸಿಲಿಗೆ ಸರಿದು ಕೂತು, ನನಗೂ ಮಗುವಿಗೂ ನೆರಳು ಬಿಟ್ಟುಕೊಟ್ಟ.