ಎಡ ಭುಜದ ಹತ್ತಿ

ಎಲ್ಲ ಪಜೀತಿಗೂ ಕಾರಣ ಅಂಚೆಚೀಟಿ ಇಲ್ಲದ ಒಂದು ಕಾಗದ. ಆಗಸ್ಟಿನ ಆ ಭಾನುವಾರ ಬೆಳಿಗ್ಗೆ ಅದು ಟೈಲರ್ ಎಗೋನ್ ಪಿಂಗೆಲನ ಬಾಗಿಲಡಿಯಿಂದ ಒಳಗೆ ತೂರಿ ಬಂತು.

"ಇವತ್ತು ಮೂರು ಗಂಟೆಗೆ ಬಟ್ಟೆಯಿಲ್ಲದ ದಂಡೆಗೆ ಬನ್ನಿ. ಗಾಳಿಗೆ ಅಡ್ಡವಾಗಿ ಸುತ್ತ ಮರಳಗೋಡೆ ಕಟ್ಟಿದ್ದೇನೆ, ಮೇಲೆ ಚಿಪ್ಪಿನಲ್ಲಿ ನನ್ನ ಹೆಸರು ಜೋಡಿಸಿದೆ. ಕಾಫಿ, ಕೇಕು ನನ್ನದು. ಟವೆಲು ನಿಮ್ಮದು. ಇಂತಿ ರೋಸ್ವಿತಾ."

ರೋಸ್ವಿತಾ ಸೈಕಲ್ಲಿನಲ್ಲಿ ಊರಿಗೆಲ್ಲ ಅಂಚೆ ಹಂಚುವವಳು. ಐವತ್ತರ ಆಸುಪಾಸಿನ ವಿಧವೆ. ಎಗೋನ್ ಹನ್ನೊಂದು ವರ್ಷದಿಂದ ಅವಳಿಗೆ ಒಂದು ಮಾತು ಹೇಳಬೇಕೆಂದಿದ್ದ. ಹೇಳಲು ಧೈರ್ಯ ಸಾಲದೆ ಒಂದು ಸೂಟು ಹೊಲಿದಿದ್ದ. ಮದುವೆಯ ಸೂಟು! ಪ್ರತಿ ಚಳಿಗಾಲದಲ್ಲೂ ಬಿಚ್ಚುವುದು, ಮತ್ತೆ ಹೊಲಿಯುವುದು. ಜೊತೆಗಿರಲೆಂದು ಪೇಟೆಯಿಂದ ಒಂದು ಬೋ ಟೈ ಕೂಡ ಕೊಂಡು ತಂದಿದ್ದ. ಆ ಸೂಟು ತೊಟ್ಟು ರೋಸ್ವಿತಾಳ ಪಕ್ಕ ನಿಂತಾಗ ಊರೇ ಬೆರಗಾಗಬೇಕು ಎಂಬುದು ಅವನ ಕನಸು.

ಸೂಟಿನ ಎಡ ಭುಜದೊಳಗೆ ಎರಡು ಬೆರಳು ದಪ್ಪ ಹತ್ತಿ ಇತ್ತು. ಎಗೋನನ ಎಡ ಭುಜ ಬಲಕ್ಕಿಂತ ಸರಿಯಾಗಿ ಅಷ್ಟೇ ತಗ್ಗು. ಅವನ ಕೋಟುಗಳಿಗೆಲ್ಲ ಆ ಹತ್ತಿ ಉಂಟು. ಈ ಗುಟ್ಟು ಯಾರಿಗೂ ತಿಳಿಯದೆಂದು ಅವನ ನಂಬಿಕೆ. ಅದಕ್ಕೇ, ಬಾಲ್ಟಿಕ್ ಕಡಲ ಪಕ್ಕದ ಆ ಊರಿನವರೆಲ್ಲ ಬೇಸಿಗೆಯಲ್ಲಿ ಹುಟ್ಟುಡುಗೆಯಲ್ಲಿ ಬಿಸಿಲು ಕಾಯಿಸುವಾಗ ಅವನೊಬ್ಬ ಮಾತ್ರ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ.

ಈಗ ಹೋಗದಿದ್ದರೆ ರೋಸ್ವಿತಾ ಕೈತಪ್ಪುತ್ತಾಳೆ. ಹೋದರೆ ಭುಜ ಕಾಣುತ್ತದೆ, ಆಮೇಲೂ ಕೈತಪ್ಪುತ್ತಾಳೆ.

ಒಂದು ಗಂಟೆ ಮೊದಲೇ, ಗುಂಡಿಯೆಲ್ಲ ಹಾಕಿದ ಕೋಟಿನಲ್ಲಿ, ಕೈಯಲ್ಲಿ ಡೇರೆ ಹೂ ಹಿಡಿದು ಅವನು ದಂಡೆಗೆ ಬಂದ. ಊಟದ ಪಂಕ್ತಿಯಲ್ಲಿ ಛತ್ರಿ ಬಿಚ್ಚಿ ಕೂತವನಂತೆ ಎಲ್ಲರ ಕಣ್ಣಿಗೂ ಬಿದ್ದ.

"ಏನ್ರೀ ಮಾಸ್ಟ್ರೇ, ಯಾರಾದ್ರೂ ತೀರ್ಕೊಂಡ್ರಾ?" ಎಂದಳು ಹೊಗೆಯಾಡಿಸಿದ ಮೀನು ಮಾರುವ ಫ್ರೌ ಕ್ಲೂಟ್.

"ಬೇಗ ಬಿಚ್ಚಿ ಮಾರಾಯ್ರೇ, ನಿಮ್ಮನ್ನ ನೋಡಿದ್ರೆ ನಮಗೇ ನಾಚಿಕೆ ಆಗುತ್ತೆ," ಎಂದ ಚರ್ಚಿನ ಹಾಡುಗಾರರ ಮುಖ್ಯಸ್ಥ ಟೀಲ್ಕೆ.

ಎಗೋನನಿಗೆ ಒಂದು ಉಪಾಯ ಹೊಳೆಯಿತು. ರೋಸ್ವಿತಾಳ ಮರಳಗೋಡೆಯ ಆವರಣದಲ್ಲಿ ಒಂದು ಗುಂಡಿ ತೋಡಿದ. ಅವನು ಅದರೊಳಗಿಳಿದು ಬಟ್ಟೆ ಕಳಚುವಷ್ಟು ಹೊತ್ತೂ ಟೀಲ್ಕೆ ಬೆನ್ನು ತಿರುಗಿಸಿ, ಕಡಲಲ್ಲಿ ಇಲ್ಲದ ಹಡಗೊಂದನ್ನು ಬಹಳ ಆಸಕ್ತಿಯಿಂದ ನೋಡಿದ.

"ಸಂಧಿವಾತ," ಎಂದ ಎಗೋನ್. "ಬಿಸಿ ಮರಳು ಒಳ್ಳೇದಂತೆ. ಸ್ವಲ್ಪ ಮುಚ್ತೀರಾ? ಕತ್ತಿನವರೆಗೂ."

"ಅದಕ್ಕೇನಂತೆ!" ಎಂದು ಫ್ರೌ ಕ್ಲೂಟ್ ಸಲಿಕೆ ತಂದು ಮುಚ್ಚಿ, ಮೇಲೆ ಗಟ್ಟಿಯಾಗಿ ತಟ್ಟಿದಳು. ಬಿಸಿಲು ತಾಗದಿರಲೆಂದು ತನ್ನ ಹುಲ್ಲಿನ ಟೋಪಿಯನ್ನೂ ಅವನ ತಲೆಗಿಟ್ಟಳು.

ರೋಸ್ವಿತಾ ಬಂದಳು. ಅವಳಿಗೆ ಕಂಡದ್ದು ಮರಳಿನ ಮೇಲೆ ಒಂದು ಟೋಪಿ, ಒಂದು ಮುಖ, ಪಕ್ಕದಲ್ಲಿ ಡೇರೆ ಹೂ.

"ಅಯ್ಯೋ ಮಾಸ್ಟ್ರೇ! ಮಿಕ್ಕಿದ್ದು ಎಲ್ಲಿ?"

"ಸಂ... ಸಂಧಿವಾತ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ನಗಲಿಲ್ಲ. "ಹಾಗಾದ್ರೆ ಬಾಯಿ ತೆಗೀರಿ," ಎಂದು ಪ್ಲಮ್ ಹಣ್ಣು ಹರವಿ ಬೇಯಿಸಿದ ಕೇಕನ್ನು ಚಮಚದಲ್ಲಿ ತಿನ್ನಿಸತೊಡಗಿದಳು. ಇಷ್ಟು ಸುಖವನ್ನು ಎಗೋನ್ ಎಂದೂ ಕಂಡಿರಲಿಲ್ಲ. ಕೈ ಮಾತ್ರ ಮರಳಿನೊಳಗಿತ್ತು.

ಆಗಸ್ಟಿನಲ್ಲಿ ಪ್ಲಮ್ ಕೇಕು ಇದ್ದಲ್ಲಿ ಕಡಜ ಬರದಿರುತ್ತದೆಯೇ? ಮೊದಲನೆಯದು ಮೂಗಿನ ಮೇಲೆ ಕೂತಿತು.

"ಅಲ್ಲಾಡ್ಬೇಡಿ!" ಎಂದಳು ರೋಸ್ವಿತಾ.

ಎರಡನೆಯದು ಟೋಪಿಯೊಳಗೆ ಹೊಕ್ಕಿತು. ಮೊದಲನೆಯದು ಕಚ್ಚಿತು. ಕಾದ ಎಣ್ಣೆಯಲ್ಲಿ ಪೂರಿ ಉಬ್ಬಿ ಮೇಲೆದ್ದಂತೆ ಎಗೋನ್ ಮರಳು ಸೀಳಿಕೊಂಡು ಎದ್ದ. ಇಡೀ ಊರಿನ ನಡುವೆ ಓಡಿ ಕಡಲಿಗೆ ಬಿದ್ದ.

ನೀರು ಕತ್ತಿನವರೆಗೆ ಬಂದ ಮೇಲೆ ನಿಂತು ತಿರುಗಿ ನೋಡಿದ. ಹಲ್ಲು ಕಟಕಟ ಎನ್ನುತ್ತಿತ್ತು. ದಂಡೆಯ ತುಂಬ ಅವನ ಗಿರಾಕಿಗಳೇ. ಇಪ್ಪತ್ತು ವರ್ಷ ಹತ್ತಿ, ಕ್ಯಾನ್ವಾಸು, ಒಳಹೊಲಿಗೆಗಳಲ್ಲಿ ಅವನು ಮುಚ್ಚಿಟ್ಟದ್ದೆಲ್ಲ ಅಲ್ಲಿ ನೆಮ್ಮದಿಯಾಗಿ ಬಿಸಿಲು ಕಾಯಿಸುತ್ತಿತ್ತು. ಫ್ರೌ ಕ್ಲೂಟಳ ಸೊಂಟ, ಔಷಧಿ ಅಂಗಡಿಯವನ ಗೂನು. ಟೀಲ್ಕೆಯ ಹೊಟ್ಟೆಯ ಮೇಲಂತೂ ಅವನ ಹೆಂಡತಿ ಕಾಫಿ ಲೋಟ ಇಟ್ಟಿದ್ದಳು. ಇವರ ಅಳತೆಯೆಲ್ಲ ಎಗೋನನಿಗೆ ಬಾಯಿಪಾಠ. ಆದರೆ ಇವರು ಇಷ್ಟು ಚೆನ್ನಾಗಿದ್ದಾರೆಂದು ಅಳತೆಯ ಟೇಪು ಎಂದೂ ಹೇಳಿರಲಿಲ್ಲ.

ಅವನು ನಿಧಾನವಾಗಿ ದಂಡೆಗೆ ಬಂದ. ರೋಸ್ವಿತಾ ಟವೆಲು ಹಿಡಿದು ನಿಂತಿದ್ದಳು. ಅವನು ಅದನ್ನು ಹೊದೆಯಲಿಲ್ಲ.

"ನನ್ನ ಎಡ ಭುಜ..." ಎಂದ.

"ತಗ್ಗು. ಗೊತ್ತು ಕಣ್ರೀ. ಹನ್ನೊಂದು ವರ್ಷದಿಂದ ಪಾರ್ಸೆಲ್ಲಿಗೆ ಸಹಿ ಹಾಕೋಕೆ ಬನಿಯನ್ನಲ್ಲೇ ಬಾಗಿಲು ತೆಗೀತೀರಲ್ಲ! ನನ್ನದು ನೋಡಿ, ಚೀಲ ಹೊತ್ತೂ ಹೊತ್ತೂ ಬಲಗಡೆ ಇಳಿದಿದೆ."

ಹನ್ನೊಂದು ವರ್ಷದ ಮಾತು ಆಗ ಹೊರಗೆ ಬಂತು, ಊದಿದ ಮೂಗಿನ ಕೆಳಗಿನಿಂದ. "ನನ್ನನ್ನ ಮದುವೆ ಆಗ್ತೀರಾ?"

"ಆಗ್ತೀನಿ. ಮೂಗು ಇಳೀಲಿ."

ದಂಡೆಗೆ ದಂಡೆಯೇ ಚಪ್ಪಾಳೆ ತಟ್ಟಿತು. ಎಗೋನ್ ಎದೆಯುಬ್ಬಿಸಿದ. "ನನ್ನ ಹತ್ರ ಒಂದು ಸೂಟು..."

"ಸೂಟು ಯಾಕ್ರೀ?" ಎಂದಳು ರೋಸ್ವಿತಾ. "ಇಲ್ಲೇ ಮದುವೆ ಆಗೋಣ. ಹೀಗೇ! ಭುಜ ನೋಡ್ಕೊಂಡೇ ಹೂಂ ಅಂದಿದ್ದೀನಿ, ಮತ್ತೆ ಮುಚ್ಚಿಡೋದ್ಯಾಕೆ?"

"ಹೊಸ ಬಟ್ಟೆ ಹೊಲಿಸೋ ತಾಪತ್ರಯಾನೇ ಇಲ್ಲ!" ಎಂದು ಫ್ರೌ ಕ್ಲೂಟ್ ಕುಣಿದಳು. ಊರಿಗೆಲ್ಲ ಹಿಗ್ಗೋ ಹಿಗ್ಗು.

"ಏನೇನೂ ಹಾಕ್ಕೊಳ್ಳೋ ಹಾಗಿಲ್ವಾ?" ಎಂದ ಟೈಲರ್, ಮೆಲ್ಲಗೆ.

ರೋಸ್ವಿತಾಳಿಗೆ ಪಾಪ ಎನಿಸಿತು. "ಕತ್ತಿಗೆ ಏನಾದ್ರೂ ಇದ್ರೆ ಹಾಕ್ಕೊಳ್ಳಿ. ಮದುಮಗ ಯಾರು ಅಂತ ಗೊತ್ತಾಗ್ಬೇಕಲ್ಲ."

ಸಂಜೆ ಎಗೋನ್ ಬೀರು ತೆರೆದ. ಹನ್ನೊಂದು ಚಳಿಗಾಲದ ಹೊಲಿಗೆ ಅಲ್ಲಿ ನೇತಾಡುತ್ತಿತ್ತು, ಎರಡೂ ಭುಜ ಸಮನಾಗಿ. ಅದನ್ನು ಒಮ್ಮೆ ಸವರಿ, ಮದುವೆಗೆ ಬೇಕಾದದ್ದನ್ನು ಹೊರಗೆ ತೆಗೆದಿಟ್ಟ.

ಬೋ ಟೈ. ಆ ಬೀರುವಿನಲ್ಲಿ ಅವನು ತಾನೇ ಹೊಲಿಯದೆ ಪೇಟೆಯಿಂದ ಕೊಂಡದ್ದು ಅದೊಂದೇ.