ಕೆಂಪು ತಿರುವು, ಅಮ್ಮನ ಕಾಫಿ

ರಸ್ತೆಗೆ ಡಾಂಬರು ಹಾಕುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಬಣ್ಣ ಹಾಕುವವನನ್ನು ಮಾತ್ರ ಊರೇ ನಿಂತು ವಿಚಾರಿಸುತ್ತದೆ. ಜಾರುವ ತಿರುವುಗಳಿಗೆ ಕೆಂಪನೆಯ ತರಿತರಿ ಪದರ ಹಾಕಿಸುವುದು ನನ್ನ ಕೆಲಸ. ಹಾಗಾಗಿ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಒಂದೇ ಒಂದು ತಿರುವಿನಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ. ಮಳೆ ಹಿಡಿಯಿತೆಂದರೆ ಅಲ್ಲಿ ಬೈಕಿನವರು ಬೀಳುವುದು ಮಾಮೂಲು. ಇಲಾಖೆಯ ಇಂಜಿನಿಯರ್ ಒಪ್ಪಿದರೆ ಮುಂದಿನ ನಾಲ್ಕು ತಿರುವೂ ನಮಗೆ. ಒಪ್ಪದಿದ್ದರೆ ಹಾಕಿದ್ದನ್ನೆಲ್ಲ ಕೆರೆದು ತೆಗೆದು, ನಾನು ಗಂಟುಮೂಟೆ ಕಟ್ಟಬೇಕು ಎಂದು ಕಂಟ್ರಾಕ್ಟರು ಮೊದಲೇ ಹೇಳಿದ್ದರು.

ಬಣ್ಣದ ಪರೀಕ್ಷೆ

ಮೊದಲ ದಿನ ಹರಳಿನ ಚೀಲ ಬಿಚ್ಚಿದ್ದೇ ತಡ, ಅಡಿಕೆ ಬೆಳೆಗಾರರೊಬ್ಬರು ಸ್ಕೂಟರ್ ನಿಲ್ಲಿಸಿ ಒಂದು ಹಿಡಿ ಎತ್ತಿಕೊಂಡರು. ಇದು ಸುಟ್ಟ ಬಾಕ್ಸೈಟ್ ಕಲ್ಲಿನ ಹರಳು, ರಸ್ತೆಗೆ ಅಂಟು ಬಳಿದು ಮೇಲೆ ಉದುರಿಸುತ್ತೇವೆ, ಟೈರು ಜಾರುವುದಿಲ್ಲ ಎಂದೆಲ್ಲ ವಿವರಿಸಿದೆ. ಅವರು ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿ, "ಚೊಗರು ಸಾಲಲಿಲ್ಲ ಮಾರಾಯ್ರೆ" ಎಂದರು. ಚೊಗರೆಂದರೆ ಬೇಯಿಸಿದ ಅಡಿಕೆಗೆ ಬಣ್ಣ ಕೊಡುವ ಕಷಾಯ. ಇದಕ್ಕೆ ಬಣ್ಣ ಫ್ಯಾಕ್ಟರಿಯಲ್ಲೇ ಕೊಡುತ್ತಾರೆ ಎಂದು ನಾನು ನಕ್ಕುಬಿಟ್ಟೆ. ಮಧ್ಯಾಹ್ನ ಫೋಟೋ ನೋಡಿದ ಇಂಜಿನಿಯರ್ ಫೋನ್ ಮಾಡಿ, ಬಣ್ಣ ಪೇಲವ, ಬೇರೆ ಮಾಲು ತರಿಸಿ ಎಂದರು. ಹೊಸ ಚೀಲ ಬಂದಾಗ ನಾನೇ ಹೋಗಿ ಬೆಳೆಗಾರರನ್ನು ಕರೆತಂದೆ. ಅವರು ಹರಳನ್ನು ಉಜ್ಜಿ ನೋಡಿ, "ಹಾಕಿ, ಹಾಕಿ. ಇದನ್ನು ಅಡಿಕೆ ಮಂಡಿಗೆ ಕೊಟ್ರೂ ಒಳ್ಳೆ ರೇಟು ಸಿಗುತ್ತೆ" ಎಂದು ಪಾಸು ಮಾಡಿದರು.

ಹದಿನೈದು ನಿಮಿಷ

ತಿರುವಿಗೆ ತಾಗಿಕೊಂಡೇ ಒಂದು ಮನೆ. ಆ ಮನೆಯ ಅಮ್ಮನದೊಂದು ಪದ್ಧತಿ: ತಿರುವಿನಲ್ಲಿ ಬಿದ್ದವರನ್ನೆಲ್ಲ ಜಗಲಿಗೆ ಕರೆದು, ಗಾಯ ತೊಳೆಸಿ, ಕಾಫಿ ಕೊಟ್ಟೇ ಕಳಿಸುವುದು. ನಾವಿನ್ನೂ ಬಿದ್ದಿರಲಿಲ್ಲ, ಆದರೂ ಕರೆದರು. ಅಂಟನ್ನು ಗಟ್ಟಿಯಾಗಿಸುವ ದ್ರಾವಣ ಆಗಲೇ ಬೆರೆಸಿಬಿಟ್ಟಿದ್ದೆವು. ಬೆರೆಸಿದ ಮೇಲೆ ಅದು ಹದಿನೈದು ನಿಮಿಷವೂ ಕಾಯುವುದಿಲ್ಲ ಎಂದೆ. ಒಂದೇ ಲೋಟ ಎಂದರು. ಲೋಟದ ಹಿಂದೆ ಕಡುಬು ಬಂತು, ಕಡುಬಿನ ಹಿಂದೆ ಚಟ್ನಿ, ಅದರ ಹಿಂದೆ ನಮ್ಮ ಊರು, ಹೆಂಡತಿ, ಮಕ್ಕಳ ವಿಚಾರಣೆ. ಹೋಗಿ ನೋಡಿದರೆ ಬಕೆಟ್ಟಿನಲ್ಲಿ ಅಂಟು ಕಲ್ಲಾಗಿತ್ತು, ಕಲಕುವ ಕೋಲು ಅದರಲ್ಲಿ ನೆಟ್ಟಗೆ ನಿಂತಿತ್ತು. ನನಗೆ ಅಳು ಬರುವುದೊಂದು ಬಾಕಿ. ಅಮ್ಮ ಹಿಂದೆಯೇ ಬಂದು ಕೋಲು ಅಲ್ಲಾಡಿಸಿ ನೋಡಿ, "ಮಳೆಗಾಲದಲ್ಲಿ ನಮ್ಮನೆ ಮೊಸರು ಎರಡು ದಿನವಾದ್ರೂ ಹೆಪ್ಪಾಗಲ್ಲ. ಇದಕ್ಕೆ ಎಂತ ಹಾಕಿದ್ರಿ?" ಎಂದು ಕೇಳಿದರು.

ಸಾಹೇಬರು ಬಂದ ದಿನ

ಅಂತೂ ಕೆಲಸ ಮುಗಿಯಿತು. ಪರೀಕ್ಷೆಗೆಂದು ಬೆಳಿಗ್ಗೆ ಇಂಜಿನಿಯರ್ ಬಂದರು. ತಿರುವು ಫಳಫಳ ಹೊಳೆಯುತ್ತಿತ್ತು. ಅದು ಹೊಳೆಯುವ ಜಾತಿಯದ್ದಲ್ಲ. ಸಾರ್, ನಿಲ್ಲಿ ಎನ್ನುವಷ್ಟರಲ್ಲಿ ಅವರು ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ನೆಲದ ಮೇಲೆ ಕೂತಿದ್ದರು.

ಅಮ್ಮ ಅಂಗಳದಿಂದ ಓಡಿ ಬಂದರು. ಇಲ್ಲಿನ ಮನೆಗಳಲ್ಲಿ ಕೆಂಪು ಗಾರೆ ನೆಲಕ್ಕೆ ಎಣ್ಣೆ ಹಚ್ಚಿ, ತಿಕ್ಕಿ ತಿಕ್ಕಿ ಮಿರುಗಿಸುತ್ತಾರಂತೆ. ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಹಿಂದಿನ ದಿನ ನಾನೇ ಬಾಯಿಬಿಟ್ಟಿದ್ದೆ. ಪಾಪ, ಎದ್ದವರೇ ತಿರುವಿಗೆಲ್ಲ ಕೊಬ್ಬರಿ ಎಣ್ಣೆ ಬಳಿದಿದ್ದರು.

"ಅಷ್ಟು ಕಷ್ಟಪಟ್ಟು ಹಾಕಿದ್ರಿ, ನುಣುಪೇ ಬಂದಿರಲಿಲ್ಲ. ಸಾಹೇಬ್ರ ಎದುರು ನಿಮ್ಮ ಮರ್ಯಾದೆ ಹೋಗೋದು ಬೇಡ ಅಂತ ಮಾಡಿದೆ" ಎಂದರು.

ನನ್ನ ಕೆಲಸ ಹೋಯಿತೆಂದೇ ಲೆಕ್ಕ ಹಾಕಿದೆ. ಇಂಜಿನಿಯರ್ ಪ್ಯಾಂಟಿನ ಎಣ್ಣೆ ಒರೆಸಿಕೊಳ್ಳುತ್ತ ಎದ್ದರು. ಪದ್ಧತಿಯಂತೆ ಅಮ್ಮ ಅವರನ್ನು ಜಗಲಿಗೆ ಕರೆದೊಯ್ದರು. ಅವರು ಎರಡು ಲೋಟ ಕಾಫಿ ಕುಡಿಯುವಷ್ಟರಲ್ಲಿ ನಾವು ಅಮ್ಮನದೇ ಸೀಗೆಪುಡಿ ತಂದು ತಿರುವಿಗೆ ಎಣ್ಣೆಸ್ನಾನ ಮುಗಿಸಿದೆವು. ಆಮೇಲೆ ಅವರು ಒದ್ದೆ ರಸ್ತೆಯಲ್ಲೇ ಜೀಪು ಓಡಿಸಿ ಬ್ರೇಕ್ ಒತ್ತಿದರು. ಜೀಪು ಒತ್ತಿದಲ್ಲೇ ನಿಂತಿತು. ಒಂದು ಷರತ್ತಿನ ಮೇಲೆ ಒಪ್ಪಿದರು. 'ತಿರುವು ಇದೆ, ನಿಧಾನವಾಗಿ ಚಲಿಸಿ' ಎಂಬ ಫಲಕದ ಕೆಳಗೆ ಇನ್ನೊಂದು ಸಾಲು ಬರೆಸಬೇಕು: 'ರಸ್ತೆಗೆ ಎಣ್ಣೆ ಹಚ್ಚಬಾರದು'.

ಈ ಮಳೆಗಾಲದಲ್ಲಿ ಅಲ್ಲಿ ಒಬ್ಬರೂ ಬೀಳಲಿಲ್ಲ. ಆದರೆ ಸಿರಿಮನೆ ಜಲಪಾತಕ್ಕೆ ಹೊರಟವರೆಲ್ಲ ಫಲಕ ಓದಿ, ಗಾಡಿ ನಿಲ್ಲಿಸಿ, ಇದೇನೆಂದು ಆ ಮನೆಯಲ್ಲಿ ವಿಚಾರಿಸುತ್ತಾರೆ. ಅಮ್ಮ ಕೂರಿಸಿ, ಕಾಫಿ ಕೊಟ್ಟು, ಕಥೆಯನ್ನು ಮೊದಲಿಂದ ಹೇಳುತ್ತಾರೆ. ಮೊನ್ನೆ ನಾನೂ ಕೂತು ಕೇಳಿದೆ. ಅದರಲ್ಲೀಗ ಇಂಜಿನಿಯರ್ ಎರಡು ಸಲ ಬೀಳುತ್ತಾರೆ, ಎಣ್ಣೆ ಹಚ್ಚಿದವನು ನಾನು.